ಏಸಿಗೆ ಬಿಸಿ ಮುಟ್ಟಿಸಿದ್ದು

27ನೇ ಜಾಗ, ಮೆಸ್ಕೀಟ್ ಟ್ರೇಲರ್ ಪಾರ್ಕ್
ಡೆಮಿಂಗ್, ನ್ಯೂ ಮೆಕ್ಸಿಕೊ
ಜನವರಿ 14, ಮಂಗಳವಾರ ಬೆಳಿಗ್ಗೆ

ಪ್ರೀತಿಯ ವೆಂಡಲ್,

ಸೊಂಟ ಹೇಗಿದೆ? ವ್ಯಾಯಾಮ ಮಾಡಿಸುವ ಆ ದಪ್ಪ ತೋಳಿನ ಹುಡುಗಿ ಹೇಳಿದಷ್ಟು ಸಲ ಕಾಲೆತ್ತುತ್ತಿದ್ದೀಯೋ, ಇಲ್ಲಾ ಆರು ಸಲ ಎತ್ತಿ ಹತ್ತಾಯಿತು ಅನ್ನುತ್ತಿದ್ದೀಯೋ? ಭಾನುವಾರ ನೋಡಿದಾಗ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಅಲ್ಲಿನ ಓಟ್ಸ್ ಗಂಜಿಯನ್ನು ಬೈಯುತ್ತ ಬೈಯುತ್ತಲೇ ಎರಡು ಬಟ್ಟಲು ಖಾಲಿ ಮಾಡಿದೆಯಲ್ಲ, ಆಗಲೇ ನನಗೆ ಧೈರ್ಯ ಬಂತು. ನಾನು ಚೆನ್ನಾಗಿದ್ದೇನೆ. ಮಣಿಕಟ್ಟು ಮಾತ್ರ ಚಳಿಗೆ ಹಿಡಿದುಕೊಳ್ಳುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿವಿಯ ಯಂತ್ರ ಪೈಜಾಮದ ಜೇಬಿನಲ್ಲಿ ಕೂತು ಬಟ್ಟೆ ಒಗೆಯುವ ಮೆಷಿನ್ ಸುತ್ತಿ ಬಂದ ಮೇಲೆ, ನಾನು ಹೇಳಿದ್ದರಲ್ಲಿ ಅರ್ಧ ನಿನಗೆ ಕೇಳಿಸುವುದಿಲ್ಲ, ಕೇಳಿಸಿದ ಅರ್ಧವನ್ನು ನೀನು ಒಪ್ಪುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ.

ಈಗ ದಿಂಬಿಗೆ ಸರಿಯಾಗಿ ಒರಗಿ ಕೂತುಕೋ. ಟ್ರೇಲರಿನ ಏಸಿ ಬಿಚ್ಚಿದೆ. ನಾನೇ ಬಿಚ್ಚಿದೆ, ನಾನೇ ಮುಚ್ಚಿದೆ. ಅದು ಈಗ ಬಿಸಿಗಾಳಿ ಬಿಡುತ್ತಿದೆ. ನಮ್ಮ ಮಂಚದ ಕೆಳಗೆ ನಾಲ್ಕು ಚಳಿಗಾಲ ಮಲಗಿತ್ತಲ್ಲ, ಏಸಿಯೊಳಗೆ ಕೂರಿಸುವ ಹೀಟರಿನ ಡಬ್ಬ, ಅದೇ. "ಬರೋ ವಾರ ಹಾಕ್ತೀನಿ ಅರ್ಡಿಸ್" ಅಂತ ನೀನು ತಂದಿಟ್ಟದ್ದು. ಆ ಬರೋ ವಾರ ಮೊನ್ನೆ ಬುಧವಾರ ಬಂತು. ಭಾನುವಾರ ಎದುರಿಗೆ ಕೂತಾಗ ಹೇಳಲಿಲ್ಲ ಅಂತ ಮುನಿಸಿಕೊಳ್ಳಬೇಡ. ಹೇಳಿದ್ದರೆ ನೀನು ಊರುಗೋಲು ಊರಿಕೊಂಡು ಲಾಸ್ ಕ್ರೂಸಿಸ್‌ನ ಆ ಆಸ್ಪತ್ರೆಯಿಂದ ನಡೆದೇ ಬಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಿದ್ದೆ.

ಇದಕ್ಕೆಲ್ಲ ಕಾರಣ ನಿನ್ನ ಮಗಳು. ಒಮಾಹಾದಿಂದ ಬಂದಿಳಿದ ದಿನವೇ ಅವಳು ನಿಮ್ಮ ಆಸ್ಪತ್ರೆಯ ಆಫೀಸಿನಲ್ಲಿ ನನ್ನ ಪಕ್ಕ ಕೂತಳು. ಅಲ್ಲಿನವರು "ಇವರು ವಾಪಸ್ ಹೋಗೋ ಮನೆ ಬೆಚ್ಚಗಿರತ್ತಾ?" ಅಂತ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಕರ್ಲಾ, "ಅದು ಮನೆಯಲ್ಲ, ಚಕ್ರ ಇರೋ ತಗಡಿನ ಡಬ್ಬ" ಅಂದಳು. ಟ್ರೇಲರಿಗೆ ಬಂದ ಮೇಲೆ ಶುರು ಮಾಡಿದಳು: "ಗ್ಯಾಸ್ ಹೀಟರ್ ನಾಲ್ಕು ದಿನಕ್ಕೊಂದು ಸಿಲಿಂಡರ್ ನುಂಗತ್ತೆ. ಅದನ್ನ ಎತ್ತೋಕೆ ಹೋಗೇ ಅಪ್ಪ ಬಿದ್ದಿದ್ದು. ಇನ್ನು ಯಾರಮ್ಮಾ ಎತ್ತೋದು? ಈ ಮಣಿಕಟ್ಟು ಇಟ್ಕೊಂಡು ನೀನಾ?" ಅವಳ ಮನೆಯ ನೆಲಮಾಳಿಗೆಯ ಕೋಣೆಗೆ ನಮಗಾಗಿ ತಿಳಿನೀಲಿ ಬಣ್ಣ ಹೊಡೆಸಿದ್ದಾಳಂತೆ. ಕಿಟಕಿಯೂ ಇದೆಯಂತೆ. ಫೋಟೊ ತೋರಿಸಿದಳು. ಕಿಟಕಿಯಲ್ಲಿ ಹುಲ್ಲಿನ ಬುಡ ಕಾಣುತ್ತಿತ್ತು. ಹುಲ್ಲನ್ನು ಬುಡದಿಂದ ನೋಡುವುದಕ್ಕೆ ನನಗಿನ್ನೂ ಸಮಯವಿದೆ ಅಂದೆ. ಅವಳಿಗೆ ನಗು ಬರಲಿಲ್ಲ.

ತಪ್ಪು ಅವಳದ್ದೂ ಅಲ್ಲ ಬಿಡು. ನೀನು ಬಿದ್ದ ಸುದ್ದಿ ಕೇಳಿದಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಆದರೆ ಆ ನೀಲಿ ಕೋಣೆಗೆ ಒಂದು ಸಲ ಇಳಿದರೆ ನಾವಿಬ್ಬರೂ ಮತ್ತೆ ಮೇಲೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಹಾಗಾಗಿ ಒಂದು ಪಂಥ ಕಟ್ಟಿದೆ. ನಿನ್ನ ಮಂಚದ ತಲೆಯ ಹತ್ತಿರ ಥರ್ಮಾಮೀಟರ್ ನೇತುಹಾಕುವುದು, ಹಸಿರು ಪಟ್ಟಿ ಇರುವ ಆ ದುಂಡಗಿನದು. ಸಿಲಿಂಡರ್ ಮುಟ್ಟದೆ ಮೂರು ಬೆಳಿಗ್ಗೆ ಮುಳ್ಳು ಹಸಿರಿನಲ್ಲಿ ನಿಂತರೆ ನೀನು ಇಲ್ಲಿಗೆ ಬರುವುದು. ಒಂದು ದಿನ ತಪ್ಪಿದರೂ ಒಮಾಹಾ. ಕರ್ಲಾ, "ಏನಿಟ್ಕೊಂಡು ಬೆಚ್ಚಗೆ ಮಾಡ್ತೀಯಮ್ಮಾ?" ಅಂದಳು. ಏಸಿಯಿಂದ ಅಂದೆ. ಆಮೇಲೆ ಒಂದು ಗಂಟೆ ಅವಳು ನನ್ನನ್ನು ಕಣ್ಣಿನಿಂದಲೇ ಪರೀಕ್ಷೆ ಮಾಡುತ್ತಿದ್ದಳು, ಡಾಕ್ಟರಿಗೆ ತೋರಿಸಬೇಕಾದದ್ದು ನಿನ್ನನ್ನೋ ನನ್ನನ್ನೋ ಅಂತ.

ಪಕ್ಕದ ಡೆಲ್ಮಾರ್‌ಗೆ ಇದು ಹೇಗೆ ಗೊತ್ತಾಯಿತೋ, ಕಾಫಿ ಲೋಟ ಹಿಡಿದು ಬಂದೇ ಬಿಟ್ಟ. "ಏಸಿ ಹತ್ರ ಬಿಸಿಗಾಳಿ ಕೇಳೋದು, ಹೋರಿ ಹತ್ರ ಹಾಲು ಕೇಳೋದು, ಎರಡೂ ಒಂದೇ" ಅಂದ. ಅವನ ಬೆನ್ನ ಹಿಂದೆಯೇ ಅಮಾಲಿಯಾ ಓರ್ನೆಲಾಸ್ ನಿಂತಿದ್ದಳು. ನೀನು ಅವಳನ್ನು ಸರಿಯಾಗಿ ಕಂಡಿಲ್ಲ. ಹೊಸದಾಗಿ 31ನೇ ಜಾಗಕ್ಕೆ ಬಂದವಳು, ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದವಳು. ಅವಳು, "ಇವನ ಹತ್ರ ಕೆಲಸ ಕೇಳೋದಕ್ಕಿಂತ ಹೋರಿ ಹತ್ರ ಹಾಲು ಕೇಳೋದೇ ವಾಸಿ. ಡಬ್ಬ ಎಲ್ಲಿ?" ಅಂದಳು. ಡಬ್ಬದ ಮೇಲಿನ ನಂಬರನ್ನೂ ಏಸಿಯ ನಂಬರನ್ನೂ ಎರಡು ಸಲ ಜೋಡಿಸಿ ನೋಡಿದಳು. ಹೊಂದಿತು. ಆದರೆ ಅವಳ ತೋಳು ಹೆಗಲಿಗಿಂತ ಮೇಲೆ ಏಳುವುದಿಲ್ಲ. "ನನ್ನ ತಲೆ, ನಿನ್ನ ಕೈ" ಅಂದಳು.

ಮೊದಲು ಕಂಬದಿಂದ ಟ್ರೇಲರಿಗೆ ಬರುವ ದಪ್ಪ ಕೇಬಲ್ ಕೀಳಿಸಿದಳು. ಕಿತ್ತರೆ ಸಾಲದು ಅಂತ ಅದರ ತುದಿಯನ್ನು ಬಾಗಿಲೊಳಗೆ ತಂದು ಡೆಲ್ಮಾರ್‌ನ ತೊಡೆಯ ಮೇಲೆ ಇರಿಸಿ, "ಇದನ್ನ ಹಿಡ್ಕೊಂಡು ಕೂತಿರು, ಇದೊಂದೇ ನಿನ್ನ ಕೆಲಸ" ಅಂದಳು. ಒಂದೂವರೆ ಗಂಟೆ ಕೂತಿದ್ದ, ಪಾಪ. ನಾನು ಸ್ಟೂಲ್ ಹತ್ತಿ ಚಾವಣಿಯ ಜಾಲರಿಯ ನಾಲ್ಕು ಸ್ಕ್ರೂ ತೆಗೆದೆ. ಕೆಳಗೆ ಬಿದ್ದದ್ದು ಮೊದಲು ಧೂಳು, ಆಮೇಲೆ ಒಂದು ಕಂದು ಕಾಲುಚೀಲ. ವೆಂಡಲ್, ನಾನು ನಿನಗೆ ಕ್ರಿಸ್‌ಮಸ್ಸಿಗೆ ಹೆಣೆದುಕೊಟ್ಟದ್ದರಲ್ಲಿ ಒಂದು. ಏಸಿ ಗಡಗಡ ಅನ್ನದ ಹಾಗೆ ನೀನದನ್ನು ಅಲ್ಲಿ ತುರುಕಿದ್ದೆ. ಆ ಕಾಲುಚೀಲಕ್ಕಾಗಿ ನಾನು ಲಾಂಡ್ರಿಯ ಹೆಂಗಸಿನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಮೊನ್ನೆ ಒಂದು ಕೇಕ್ ಒಯ್ದು ಕೊಟ್ಟು ಬಂದೆ, ಯಾಕೆ ಅಂತ ಹೇಳಲಿಲ್ಲ.

ಮಿಕ್ಕ ಕೆಲಸ ನೀನು ನಾಲ್ಕು ವರ್ಷ ಹೆದರಿದಷ್ಟು ಕಷ್ಟವೇನಲ್ಲ. ಒಳಗೆ ಒಂದು ವೈರಿನ ತುದಿಯಲ್ಲಿ ಪುಟ್ಟ ಪ್ಲಗ್ ಇದೇ ಹೀಟರಿಗಾಗಿ ಬಾಯಿ ತೆರೆದುಕೊಂಡು ಕಾದಿತ್ತು. ಹೀಟರ್ ಅಂದರೆ ಒಂದು ಚೌಕಟ್ಟು, ಅದರಲ್ಲಿ ಬ್ರೆಡ್ ಸುಡುವ ಯಂತ್ರದಲ್ಲಿರುವಂಥ ತಂತಿ ಸುರುಳಿ. ಗಾಳಿ ಹೊರಬರುವ ಬಾಯಿಗೆ ಅದನ್ನಿಟ್ಟು ಎರಡು ಸ್ಕ್ರೂ ಬಿಗಿದೆ, ಪ್ಲಗ್ ಸಿಕ್ಕಿಸಿದೆ. ಅಮಾಲಿಯಾ ಕೆಳಗಿನಿಂದ ಟಾರ್ಚ್ ಬಿಟ್ಟು, "ಆ ವೈರ್ ಸುರುಳಿಗೆ ತಾಗ್ತಿದೆ, ಅತ್ಲಾಗೆ ಕಟ್ಟು" ಅಂತ ಮೂರು ಸಲ ಬಿಚ್ಚಿಸಿದಳು. ಕೊನೆಗೆ ಡೆಲ್ಮಾರ್‌ಗೆ ಬಿಡುಗಡೆ ಕೊಟ್ಟು ಕೇಬಲ್ ಚುಚ್ಚಿ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿದೆವು.

ಎರಡು ನಿಮಿಷಕ್ಕೆ ಸುಟ್ಟ ವಾಸನೆ, ಮೂರನೆಯ ನಿಮಿಷಕ್ಕೆ ಹೊಗೆಯ ಅಲಾರಂ. ನಾನು ಒರೆಸದೆ ಬಿಟ್ಟ ಧೂಳಷ್ಟೇ ಸುಡುತ್ತಿತ್ತು, ಆದರೆ ಪಾರ್ಕಿನವರಿಗೆ ಅದು ಹೇಗೆ ಗೊತ್ತಾಗಬೇಕು? ಒಬ್ಬ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದ, ಒಬ್ಬ ಪೈಪ್ ಎಳೆದುಕೊಂಡು ಬಂದ, ಡೆಲ್ಮಾರ್ ನನ್ನನ್ನು ಕಾಪಾಡುತ್ತೇನೆ ಅಂತ ಒಳಗೆ ನುಗ್ಗಿ ಸ್ಟೂಲ್ ಎಡವಿ ನಿನ್ನ ಕುರ್ಚಿಯಲ್ಲಿ ಕೂತ. ಅಂಗಡಿಗೆ ಹೋಗಿದ್ದ ಕರ್ಲಾ ಅದೇ ಹೊತ್ತಿಗೆ ಬರಬೇಕೆ? ಬಾಗಿಲಲ್ಲಿ ಹಾಲಿನ ಡಬ್ಬ ಹಿಡಿದು ಮುಖ ಬಿಳುಚಿಕೊಂಡು ನಿಂತಿದ್ದಳು. ಅಮಾಲಿಯಾ ಅವಳಿಗೆ, "ಅಷ್ಟೇ ಕಣಮ್ಮಾ, ಧೂಳು ಮುಗೀತು. ಇನ್ನು ಬರೋದು ಬರೀ ಬಿಸಿ. ಒಳಗೆ ಬಂದು ಕೈ ಇಡು" ಅಂದಳು. ಕರ್ಲಾ ಜಾಲರಿಯ ಕೆಳಗೆ ಕೈ ಚಾಚಿದಳು. ತುಂಬ ಹೊತ್ತು ಕೈ ತೆಗೆಯಲಿಲ್ಲ.

ಆದರೆ ಇದೇನೂ ಒಲೆಯಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಬಿಸಿಯೆಲ್ಲ ಚಾವಣಿಯಲ್ಲೇ ನಿಂತು ತಲೆ ಬೆವರುತ್ತದೆ, ಪಾದ ಮರಗಟ್ಟುತ್ತದೆ. ಅಮಾಲಿಯಾ ತನ್ನ ಪುಟ್ಟ ಟೇಬಲ್ ಫ್ಯಾನ್ ತಂದು ನೆಲದಲ್ಲಿಟ್ಟು ಮುಖ ಮೇಲಕ್ಕೆ ಮಾಡಿದಳು, ಬಿಸಿ ಕೆಳಗಿಳಿಯಿತು. ಇನ್ನೊಂದು ವಿಷಯ. ಇದು ಓಡುವಾಗ ಬೇರೆ ಏನೂ ಓಡಬಾರದು. ಎರಡನೆಯ ಬೆಳಿಗ್ಗೆ ನಾನು ಮೈಕ್ರೊವೇವ್‌ನಲ್ಲಿ ಟಮಾಲೆ ಕಡುಬು ಬಿಸಿಗಿಟ್ಟೆ, ಕರ್ಲಾ ತಲೆ ಒಣಗಿಸಲು ಡ್ರೈಯರ್ ಹಾಕಿದಳು. ಬ್ರೇಕರ್ ಬಿತ್ತು, ಕರೆಂಟು ಹೋಯಿತು. ಹೊರಗೆ ಹೋಗಿ ಎತ್ತಬೇಕು, ನಾನಿದ್ದದ್ದು ನೈಟಿಯಲ್ಲಿ, ಅವಳಿದ್ದದ್ದು ಟವೆಲಿನಲ್ಲಿ. ಕೊನೆಗೆ ನಿನ್ನ ಕೋಟು ಹಾಕಿಕೊಂಡು ಅವಳೇ ಹೋದಳು. ವಾಪಸ್ ಬಂದು ಗೋಡೆಗೆ ಒಂದು ಚೀಟಿ ಅಂಟಿಸಿದಳು: "ಬಿಸಿಗಾಳಿ ಅಥವಾ ಬಿಸಿಯೂಟ. ಎರಡೂ ಇಲ್ಲ."

ಮೂರನೆಯ ಬೆಳಿಗ್ಗೆ ಶನಿವಾರ, ನೀರಿನ ಪೈಪ್ ಹೆಪ್ಪುಗಟ್ಟುವ ಚಳಿ. ನಾನು ಎದ್ದು ಥರ್ಮಾಮೀಟರ್ ನೋಡಿದೆ. ಮುಳ್ಳು ಹಸಿರಿಗೆ ಒಂದು ಕೂದಲೆಳೆ ಕೆಳಗಿತ್ತು. ನಿನ್ನಾಣೆ, ಬೆರಳಿನಿಂದ ತಟ್ಟಿ ನೋಡಿದೆ, ಅಲ್ಲಾಡಲಿಲ್ಲ. ಕರ್ಲಾ ಬಂದು ಪಕ್ಕ ನಿಂತಳು. ನೋಡಿದಳು. ಕನ್ನಡಕ ತೆಗೆದು ನೈಟಿಯ ಅಂಚಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ಆಮೇಲೆ ಅದನ್ನು ಹಾಕಿಕೊಳ್ಳದೆಯೇ ಮತ್ತೊಮ್ಮೆ ಮುಳ್ಳಿನ ಕಡೆ ನೋಡಿ, "ಹಸಿರು" ಅಂದಳು. ಕನ್ನಡಕವಿಲ್ಲದೆ ಅವಳಿಗೆ ನನ್ನ ಮೂಗೂ ಕಾಣುವುದಿಲ್ಲ ಅಂತ ನಿನಗೆ ಗೊತ್ತಲ್ಲ. ನಾನೇ ತಡೆಯಲಾರದೆ, ಇಲ್ಲ ಕಣೇ, ಸ್ವಲ್ಪ ಕೆಳಗಿದೆ ಅಂದೆ. "ಅಮ್ಮಾ, ಗೆದ್ದ ಮೇಲೆ ಸುಮ್ಮನಿರೋದು ಕಲಿ" ಅಂದಳು. ತೀರ ಚಳಿಯ ದಿನ ಒಂದು ಗಂಟೆ ಗ್ಯಾಸೂ ಹಚ್ಚಿಕೊಳ್ಳುವುದು ಅಂತ ಇಬ್ಬರೂ ಒಪ್ಪಿದೆವು. ಆ ಲೆಕ್ಕದಲ್ಲಿ ಒಂದು ಸಿಲಿಂಡರ್ ತಿಂಗಳು ಬರುತ್ತದೆ, ಅದನ್ನೂ ಗ್ಯಾಸ್ ಅಂಗಡಿಯವರೇ ತಂದು ಕೂರಿಸಿ ಹೋಗುತ್ತಾರೆ.

ಕಾಫಿ ಕುಡಿಯುವಾಗ ಕೇಳಿದಳು, "ನಿಜ ಹೇಳು. ಇಷ್ಟೆಲ್ಲ ಮಾಡಿದ್ದು ಅಪ್ಪನ್ನ ಕರ್ಕೊಂಡು ಬರೋಕಾ, ನಮ್ಮನೆಗೆ ಬರ್ದೇ ಇರೋಕಾ?" ಎರಡಕ್ಕೂ ಅಂದೆ. ಮುಖ ಸಣ್ಣದು ಮಾಡಿಕೊಂಡಳು. ಬೇಸಿಗೆಯಲ್ಲಿ ಎರಡು ವಾರ ಬರುತ್ತೇವೆ, ಆ ಹುಲ್ಲಿನ ಬುಡ ನೋಡುತ್ತೇವೆ ಅಂದಾಗ ಕೊನೆಗೂ ನಕ್ಕಳು. ಈಗ ನಿಮ್ಮ ಆಸ್ಪತ್ರೆಯ ಆಫೀಸಿಗೇ ಹೋಗಿದ್ದಾಳೆ. ಅವರು ಒಪ್ಪುತ್ತಾರೋ ಇಲ್ಲವೋ, ನಾನು ಪೆನ್ನು ಹಿಡಿದು ಕೂತಿರುವುದು ಆ ಯೋಚನೆ ಮರೆಯಲಿಕ್ಕೇ. ಡೆಲ್ಮಾರ್ ಹಲ್ಲಿನ ಡಾಕ್ಟರನ್ನು ಕಾಣಲು ನಿಮ್ಮ ಕಡೆಗೇ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲಿ ಕಳಿಸುತ್ತೇನೆ. ಅವನು ಕೇಬಲ್ ಹಿಡಿದ ಕತೆಯನ್ನು ಬೇರೆ ಥರ ಹೇಳುತ್ತಾನೆ. ನಂಬಬೇಡ, ಆದರೆ ಕೇಳಿಸಿಕೋ.

ಕಾಲೆತ್ತುವುದು ಬಿಡಬೇಡ. ದೇವರು ನಿನ್ನ ಹೊಸ ಸೊಂಟವನ್ನೂ ಹಳೆಯ ಹಟವನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಅರ್ಡಿಸ್

ಮ. ವಿ.: ಡೆಲ್ಮಾರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಕರ್ಲಾ ಈಗಷ್ಟೇ ಫೋನ್ ಮಾಡಿದಳು. ಶುಕ್ರವಾರ ನಿನ್ನನ್ನು ಬಿಡುತ್ತಾರಂತೆ. "ಅಪ್ಪನಿಗೆ ನಾನು ಹೇಳಿಲ್ಲ, ನೀನೇ ಹೇಳು" ಅಂದಳು. ಬಿಡುಗಡೆಯ ಕಾಗದದಲ್ಲಿ 'ಎಲ್ಲಿಗೆ' ಅಂತ ಒಂದು ಸಾಲು ಇದೆಯಂತೆ. ಅಲ್ಲಿ ಅವಳೇ ತನ್ನ ಕೈಯಾರೆ 'ಮನೆಗೆ, ಡೆಮಿಂಗ್, 27ನೇ ಜಾಗ' ಅಂತ ಬರೆದಳಂತೆ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇನೆ. ಬೂಟು ಹಾಕಿಕೊಂಡು ಕೂತಿರು.