ಬೆನ್ನ ಹಿಂದಿನ ಗಾಳಿ

ಹೆಂಚಿನ ಕಾರ್ಖಾನೆ,
ಶುಕ್ರವಾರ ಮಧ್ಯಾಹ್ನ

ನನ್ನ ಗುಬ್ಬಿಗೆ ಅಪ್ಪನ ಆಶೀರ್ವಾದ.

ಮೊದಲು ಖರ್ಚು ಹೇಳಿಬಿಡುತ್ತೇನೆ; ಅದು ನನಗೆ ಸಲೀಸು. ನಮ್ಮ ನಾಲ್ಕು ಸೀಟಿನ ವಿಮಾನದ ಮುಂದಿನ ಚಕ್ರ, ಮೂತಿಯ ಫ್ಯಾನು, ಎಡರೆಕ್ಕೆ ಮೂರೂ ಗುಜರಿಗೆ. ನಿಲ್ದಾಣದ ಬೇಲಿ ಹದಿನಾಲ್ಕು ಗಜ, ನಾನೇ ಹಾಕಿಸಿಕೊಟ್ಟೆ. ನನ್ನ ಹಣೆಗೆ ಮೂರು ಹೊಲಿಗೆ. ವಿಮಾನ ನಡೆಸುತ್ತಿದ್ದ ನಿನ್ನ ಗಂಡನ ಎಡ ಮೊಣಕಾಲಿಗೆ ಎರಡು ಆಪರೇಷನ್ನು. ಮತ್ತೆ ಐದು ವಾರದಿಂದ ನೀನು ಅವರೊಡನೆ ಆಡದೆ ಇರುವ ಮಾತು. ಅದಕ್ಕೆ ಬೆಲೆ ಕಟ್ಟಲು ನನಗೆ ಬರಲಿಲ್ಲ.

"ನಮ್ಮಪ್ಪನ ಜೀವದ ಜೊತೆ ಆಟ ಆಡಿಬಿಟ್ರಿ" ಎಂದು ಆಸ್ಪತ್ರೆಯಲ್ಲೇ ಅವರಿಗೆ ಹೇಳಿ ಹೊರಟುಹೋದೆಯಂತೆ. ಅವರು ಗೋಡೆ ನೋಡುತ್ತ ಸುಮ್ಮನಿದ್ದರಂತೆ. ಆ ಮೌನ ನನ್ನ ಮಾನ ಉಳಿಸಲು, ಮಗಳೇ.

ಆ ದಿನ ಮಳೆ ಆಗತಾನೆ ನಿಂತಿತ್ತು. ದೊಡ್ಡ ಗಿರಾಕಿಯೊಬ್ಬ ಕಚೇರಿಯಲ್ಲಿ ಕಾಯುತ್ತಿದ್ದ. ನೇರ ಇಳಿದರೆ ನಮ್ಮ ಕಾರಿನ ಬಳಿಗೇ ಹೋಗಿ ನಿಲ್ಲಬಹುದಿತ್ತು. ಅಳಿಯಂದಿರು, "ಮಾವ, ಗಾಳಿ ಹಿಂದಿನಿಂದ ಬರ್ತಿದೆ. ಸುತ್ತು ಹಾಕಿ ಆ ಕಡೆಯಿಂದ ಇಳಿಯೋಣ, ಏಳೆಂಟು ನಿಮಿಷ ಅಷ್ಟೆ" ಎಂದರು.

ನಾನು ನಕ್ಕೆ. "ಏನ್ರೀ ಅಳಿಯಂದಿರೇ, ಹಿಂದಿನಿಂದ ತಳ್ಳೋರಿದ್ರೆ ಬೇಡ ಅಂತೀರಲ್ಲ! ಸೈಕಲ್ ಮೇಲೆ ಹೆಂಚು ಹೇರ್ಕೊಂಡು ಹೋಗೋವಾಗ ಇಂಥ ಗಾಳಿಗೆ ಕೈ ಮುಗೀತಿದ್ದೆ ನಾನು."

"ಇದು ಸೈಕಲ್ ಅಲ್ಲ ಮಾವ."

"ವಿಮಾನ ಯಾರದು?" ಎಂದೆ. ಅವರು ಸುತ್ತು ಬಿಟ್ಟು ನೇರ ಇಳಿಸತೊಡಗಿದರು.

ಹಿಂದಿನ ಗಾಳಿ ತಳ್ಳಿದ ರಭಸಕ್ಕೆ ಅರ್ಧ ರನ್‌ವೇ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಬ್ರೇಕ್ ಒತ್ತಿದರೆ ಒದ್ದೆ ನೆಲದ ಮೇಲೆ ಜಾರಿತೇ ಹೊರತು ಹಿಡಿಯಲಿಲ್ಲ. ರನ್‌ವೇ ಮುಗಿಯಿತು, ನಮ್ಮ ಓಟ ಮುಗಿಯಲಿಲ್ಲ. ಬೇಲಿಯಾಚೆಯ ಕಲ್ಲಿನ ಕಟ್ಟೆ ನೆಟ್ಟಗೆ ನನ್ನ ಕಡೆಗೇ ಬರುತ್ತಿತ್ತು. ಅವರು ಮೂತಿಯನ್ನು ಬಲಕ್ಕೆ ತಿರುಗಿಸಿ ಪೆಟ್ಟನ್ನು ತಾವು ಕೂತಿದ್ದ ಎಡಗಡೆಗೆ ತೆಗೆದುಕೊಂಡರು.

ವಿಚಾರಣೆಯ ಅಧಿಕಾರಿ, "ನೀವೇನಾದ್ರೂ ಅವಸರ ಮಾಡಿದ್ರಾ ಯಜಮಾನ್ರೇ?" ಎಂದು ಕೇಳಿದಾಗ, "ನಂಗೆ ನಿದ್ದೆ ಹತ್ತಿತ್ತು ಸ್ವಾಮಿ" ಎಂದೆ. ಮಾಲೀಕನೇ ಒತ್ತಾಯ ಮಾಡಿದ್ದು ಗೊತ್ತಾದರೆ ವಿಮೆ ಹಣ ಕೈತಪ್ಪುತ್ತದೆಂದು ವಕೀಲ ಕಿವಿ ಕಚ್ಚಿದ್ದ. ಪಕ್ಕದಲ್ಲಿದ್ದ ಅಳಿಯಂದಿರು ನನ್ನ ಮುಖ ನೋಡಿದರು, ಅಷ್ಟೆ.

ಸೋಮವಾರ ವಿಚಾರಣೆ ಮುಗಿಯುತ್ತದೆ. ಹೀಗೇ ಬಿಟ್ಟರೆ ಅವರ ಲೈಸೆನ್ಸ್ ಹೋಗುತ್ತದೆ. ನಿಜ ಹೇಳಲೆಂದು ಎರಡು ಸಲ ಆ ಕಚೇರಿಯ ಮೆಟ್ಟಿಲವರೆಗೆ ಹೋಗಿ ಹಿಂದಿರುಗಿದೆ. ಮಾತು ಮಾರಿಯೇ ಬದುಕಿದವನಿಗೆ ಬಾಯೇ ಬರಲಿಲ್ಲ! ಅದಕ್ಕೇ ಈ ಕಾಗದ. ಪುಟಪುಟಕ್ಕೂ ಸಹಿ ಹಾಕಿದ್ದೇನೆ. ಅಧಿಕಾರಿಯ ಕೈಗೆ ನೀನೇ ಕೊಡು. ಅದಕ್ಕಿಂತ ಮೊದಲು ಗಂಡನ ಬಳಿಗೆ ಹೋಗು.

ಇಂತಿ,
ನಿನ್ನೆದುರು ನಿಲ್ಲಲು ಹೆದರಿರುವ
ಅಪ್ಪ

ತಾ.ಕ.: ವಿಮೆ ಹಣ ಮೊನ್ನೆಯೇ ಬ್ಯಾಂಕಿಗೆ ಬಂತು. ಅದು ಬಂದ ಮೇಲೆಯೇ ನಾನು ಬರೆಯಲು ಕುಳಿತದ್ದು, ಇದನ್ನೂ ಮುಚ್ಚಿಡಬಾರದು. ಗಿರಾಕಿಗೆ ಬೇರೆಯವರ ಹೆಂಚು ಅಗ್ಗಕ್ಕೆ ಸಿಕ್ಕಿತು. ವಕೀಲನಿಗೆ ಫೀಸು. ನನಗೆ ವಿಮಾನದ ದುಡ್ಡು, ಜೊತೆಗೆ ಪ್ರಾಣ. ಅಳಿಯಂದಿರಿಗೆ ಊರುಗೋಲು.