ಟೈಮಿಂಗ್ ಬದಲಾಯಿಸಿದ ನಿಮ್ಮ ಮಗ

ಅತ್ತೆ,

ಅಲ್ಲಿ ನಿಮಗೆ ಹಾಲು ಮೊಸರಿಗೆ ಕೊರತೆ ಇರಲಾರದು ಅಂದುಕೊಂಡು, ಕ್ಷೇಮ ಸಮಾಚಾರ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗ ಕಾರು ತೆಗೆದುಕೊಂಡರು. ಹೌದು, ಅದೇ ಮಗ, ಚಪ್ಪಲಿ ಕೊಳ್ಳಲು ಹೋದರೂ ನಾಲ್ಕು ಅಂಗಡಿ ಹತ್ತಿಳಿದು ಬರಿಗೈಯಲ್ಲಿ ಮನೆಗೆ ಬರುವವರು. ಹೊಸ ಕಾರೇನಲ್ಲ, ಹಳೆಯದು. ಎಷ್ಟು ಹಳೆಯದು ಅಂದರೆ... ತಡೀರಿ, ಹೇಳುತ್ತೇನೆ.

ಇದೆಲ್ಲ ಶುರುವಾಗಿದ್ದು ಶ್ರುತಿಯ ಸೀಮಂತದ ದಿನ. ನಿಮ್ಮ ಮೊಮ್ಮಗಳಿಗೆ ಡಾಕ್ಟರು ಶಿವಮೊಗ್ಗದಲ್ಲೇ ಇರಲು ಹೇಳಿದ್ದರಿಂದ ಹೆರಿಗೆಯ ತನಕ ಅಲ್ಲಿನ ಸವಳಂಗ ರಸ್ತೆಯ ಅವಳ ಅತ್ತೆಮನೆ, ಬಾಣಂತನಕ್ಕೆ ಭದ್ರಾವತಿ ಜನ್ನಾಪುರದ ನಮ್ಮ ಮನೆ ಅಂತ ಮಾತಾಗಿತ್ತು. ಊಟಕ್ಕೆ ಕೂತಾಗ ಬೀಗರು, "ಮಗು ಬಾಣಂತಿನ ನಮ್ಮ ಕಾರಲ್ಲೇ ತಂದು ಬಿಡ್ತೀವಿ, ನೀವು ಯೋಚ್ನೆ ಮಾಡ್ಬೇಡಿ" ಅಂದರು. ಒಳ್ಳೆಯ ಮಾತೇ ಅಲ್ಲವಾ? ನಿಮ್ಮ ಮಗ ಬಡಿಸಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು. ಬಸ್ಸಿನಲ್ಲಿ ಬರುವಾಗ ಒಂದೇ ಮಾತು: "ನನ್ನ ಮಗಳು ಕೂಸು ಎತ್ಕೊಂಡು ತವರಿಗೆ ಬರೋದು ಬೀಗರ ಗಾಡೀಲಲ್ಲ, ನನ್ನ ಗಾಡೀಲಿ." ಆಗ ನಮ್ಮ ಹತ್ತಿರ ಇದ್ದ ಗಾಡಿ ಅಂದರೆ ನಿಮ್ಮ ಹಾಲಿನ ಕ್ಯಾನ್ ಹೊತ್ತ ಆ ಸೈಕಲ್ಲು ಒಂದೇ.

ಶಿವಮೊಗ್ಗದ ಹಳೆ ಕಾರಿನ ಅಂಗಡಿಗೆ ನಾವಿಬ್ಬರೂ ಹೋದೆವು. ಅಂಗಡಿಯವನು ಒಂದು ಬಿಳಿ ಕಾರಿನ ಬೆನ್ನು ತಟ್ಟಿ, "ಒಬ್ರೇ ಓನರ್ ಅಕ್ಕ, ಡಾಕ್ಟ್ರು. ಬರೀ ಮನೆ, ಆಸ್ಪತ್ರೆ, ಅಷ್ಟೇ ಓಡಿರೋದು" ಅಂದ. ಮೀಟರು ನೋಡಿದೆ, ಒಂದೂ ಮುಕ್ಕಾಲು ಲಕ್ಷ ಕಿಲೋಮೀಟರು. "ಆಸ್ಪತ್ರೆ ಎಲ್ಲಿತ್ತಪ್ಪ, ಕಾಶೀಲಾ?" ಅಂತ ಕೇಳಿದೆ. ನಿಮ್ಮ ಮಗ ನನ್ನ ಸೆರಗು ಜಗ್ಗಿದರು. ಇಷ್ಟು ಓಡಿದ ಗಾಡಿಗೆ ಏನೇನು ಬದಲಾಯಿಸಿದ್ದೀರಿ ಅಂದರೆ, "ಸೀಟ್ ಕವರ್ ಪೂರ್ತಿ ಹೊಸದು ಅಕ್ಕ" ಅಂದ.

ಹೊಳೆಹೊನ್ನೂರಿನ ಕಡೆ ಎಮ್ಮೆ ನೋಡಲು ನನ್ನನ್ನು ಕರೆದುಕೊಂಡು ಹೋಗಿದ್ದಿರಲ್ಲ, ಅಲ್ಲೇ ನಿಂತಲ್ಲಿ ಅದು ನೆನಪಾಯಿತು. ಮಾರುವವನು ಹಿಂದಿನ ಸಂಜೆ ಹಾಲು ಕರೆಯದೆ ಬಿಟ್ಟು, ಕೆಚ್ಚಲು ಬಿಗಿಯುವಂತೆ ಮಾಡಿ ನಿಲ್ಲಿಸಿದ್ದ. ನೀವು ಕೆಚ್ಚಲು ಮುಟ್ಟಿ ನೋಡಿ, "ಇವತ್ತು ಸಂಜೆ ಒಂದ್ಸಲ ಕರಿ ಮಾರಾಯ. ನಾಳೆ ಬೆಳಗ್ಗೆ ನಾ ಬಂದ್ಮೇಲೆ ಇನ್ನೊಂದ್ಸಲ ಕರಿ. ಆಮೇಲೆ ವ್ಯಾಪಾರ" ಅಂದಿದ್ದಿರಿ. ನಾನು ಕಾರಿನ ಬಾನೆಟ್ಟಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. "ಬಿಸಿಲಿಗೆ ಅಕ್ಕ" ಅಂದ. "ನೆರಳಲ್ಲಿ ನಿಂತಿದ್ಯಲ್ಲಪ್ಪ?" ಅಂದೆ. ನಾವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದ. ಮರುದಿನ ಅವನು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು, ತಣ್ಣಗಿದ್ದ ಇಂಜಿನ್ನನ್ನು ನಮ್ಮೆದುರೇ ಎಬ್ಬಿಸಿದೆವು. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಎದ್ದಿತು. ಹೊಗೆ ಹೆಚ್ಚೇನೂ ಬರಲಿಲ್ಲ. ಅತ್ತೆ, ನನಗೆ ನಿಜವಾಗಿ ಹೆಮ್ಮೆಯಾಯಿತು.

ನಮ್ಮ ಭದ್ರಾವತಿಯ ಮೆಕ್ಯಾನಿಕ್ ಮುರುಗೇಶ ಅಲ್ಲಿಗೆ ಹೋಗಿ ಗಾಡಿ ಪರೀಕ್ಷೆ ಮಾಡಿ ಫೋನ್ ಮಾಡಿದ. ಆ ಫೋನು ನನಗೆ ಬಂದಿದ್ದರೆ ಈ ಪತ್ರ ಇಲ್ಲಿಗೇ ಮುಗಿಯುತ್ತಿತ್ತು. ಬಂದಿದ್ದು ನಿಮ್ಮ ಮಗನಿಗೆ. "ಸಾರ್, ಗಾಡಿ ತಗೊಳ್ಳಿ. ಕ್ಲಚ್ಚು ಇನ್ನೊಂದು ವರ್ಷ ಬರುತ್ತೆ. ಆದ್ರೆ ಮೊದ್ಲು ಟೈಮಿಂಗ್ ಚೇಂಜ್ ಮಾಡ್ಸಿಬಿಡಿ. ಇಲ್ಲಾಂದ್ರೆ ಅರ್ಧ ದಾರೀಲಿ ಕೈ ಕೊಡುತ್ತೆ." ನಾವು ಗಾಡಿ ತರುವುದು ಶುಕ್ರವಾರ ಹನ್ನೊಂದು ಗಂಟೆಗೆ ಅಂತ ನಿಗದಿಯಾಗಿತ್ತು. ಇವರು ಫೋನಿಟ್ಟು ಕ್ಯಾಲೆಂಡರ್ ನೋಡಿದರು. ಶುಕ್ರವಾರ ಹನ್ನೊಂದು, ತುಂಬು ರಾಹುಕಾಲ. "ನೋಡೇ, ಮುರುಗೇಶನಿಗೆ ಪಂಚಾಂಗ ಬೇರೆ ಬರುತ್ತೆ" ಅಂದರು. ಪುರೋಹಿತರ ಮನೆಗೆ ಹೋಗಿ ಹನ್ನೆರಡೂವರೆಗೆ ಬದಲಾಯಿಸಿಕೊಂಡು ಬಂದರು. ನಾನಾದರೂ ಒಂದು ಮಾತು ಕೇಳಬೇಕಿತ್ತಲ್ಲವಾ? ಕೇಳಲಿಲ್ಲ. ಮೆಕ್ಯಾನಿಕ್ಕಿಗೂ ದೈವಭಕ್ತಿ ಇದೆಯಲ್ಲ ಅಂತ ಸಂತೋಷಪಟ್ಟೆ.

ಗಾಡಿ ಮನೆಗೆ ಬಂದ ಮೇಲಿನ ಭಾನುವಾರ ಗಾಜನೂರಿಗೆ ಹೋಗಿ ಬಂದೆವು. ನಿಮ್ಮ ಮಗ ಒಂದು ಕಾಲದಲ್ಲಿ ಕಾರ್ಖಾನೆಯ ಕಾಂಪೌಂಡಿನೊಳಗೆ ಜೀಪು ಓಡಿಸಿದವರು, ಈಗ ಕಾರನ್ನೂ ಹಾಗೇ ಓಡಿಸುತ್ತಾರೆ. ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋದರು. ಅಣೆಕಟ್ಟೆ ಹತ್ತಿರ ಮಂಡಕ್ಕಿ ತಿನ್ನುತ್ತಾ, "ಟೈಮಿಂಗ್ ಸರಿಯಾಗಿದ್ರೆ ಹಳೇ ಗಾಡೀನೂ ಹೊಸದೇ" ಅಂತ ಉಪದೇಶ ಬೇರೆ ಮಾಡಿದರು.

ಶ್ರುತಿಯನ್ನೂ ಮಗುವನ್ನೂ ಕರೆತರುವ ದಿನ ಬಂತು. ಹೌದು ಅತ್ತೆ, ಹೆಣ್ಣು ಮಗು, ನಿಮ್ಮ ಹಾಗೇ ಮುಷ್ಟಿ ಬಿಗಿದುಕೊಂಡೇ ಮಲಗುತ್ತಾಳೆ. ಹೊರಡುವ ಮೊದಲು ಟೈರಿನ ಗಾಳಿ ನೋಡಲೆಂದು ಮುರುಗೇಶನ ಗ್ಯಾರೇಜಿಗೆ ಹೋದೆವು. "ಟೈಮಿಂಗ್ ಚೇಂಜ್ ಮಾಡ್ಸಿದ್ರಾ ಸಾರ್?" ಅಂದ.

"ಅವತ್ತೇ ಮಾಡಿಸ್ದೆ. ಹನ್ನೊಂದಿತ್ತು, ಹನ್ನೆರಡೂವರೆ ಮಾಡಿಸ್ದೆ."

ಮುರುಗೇಶ ನನ್ನ ಕಡೆ ತಿರುಗಿದ. "ಅಕ್ಕಾ, ಸಾರ್ ಏನ್ ಹೇಳ್ತಿದಾರೆ?"

ಟೈಮಿಂಗ್ ಅಂದರೆ ಇಂಜಿನ್ನಿನೊಳಗೆ ಓಡುವ ಒಂದು ಬೆಲ್ಟಂತೆ. ಇಷ್ಟು ಕಿಲೋಮೀಟರು ಓಡಿದ ಗಾಡಿಯಲ್ಲಿ ಮೊದಲು ಬದಲಾಯಿಸಬೇಕಾದದ್ದೇ ಅದಂತೆ, ಹರಿದರೆ ಇಂಜಿನ್ನೂ ಕೆಡುತ್ತದಂತೆ. ಮುಚ್ಚಳ ಬಿಚ್ಚಿ ತೋರಿಸಿದ. ಬೇಸಿಗೆಯ ಹಿಮ್ಮಡಿಯ ಹಾಗೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಗಾಜನೂರಿಗೆ ಹೋಗಿ ಬಂದದ್ದೂ ಇದೇ ಬೆಲ್ಟಿನ ಮೇಲೆ. ನಿಮ್ಮ ಮಗ ಸಣ್ಣ ದನಿಯಲ್ಲಿ, "ಇವತ್ತೊಂದು ದಿನ ಮೆಲ್ಲಗೆ ಹೋಗಿ ಬರೋಣ. ಬೀಗರು ಕಾಯ್ತಿರ್ತಾರೆ, ಮಾನ ಹೋಗುತ್ತೆ" ಅಂದರು. ದಾರಿಯಲ್ಲಿ ಗಾಡಿ ನಿಂತರೆ, ಹಸಿ ಬಾಣಂತಿ, ಎಳೆ ಕೂಸು, ಹಿಂದಿನಿಂದ ಬರುವ ಲಾರಿ... ನಾನು ಕೀಲಿ ಕಿತ್ತು ಮುರುಗೇಶನ ಕೈಗೆ ಕೊಟ್ಟೆ. "ಮಾನ ನಾಳೆ ತಗೊಂಡು ಬರೋಣ, ಮಗು ಮುಖ್ಯ" ಅಂದೆ.

ಬೀಗರಿಗೆ ಫೋನ್ ಮಾಡುವಾಗ ನಿಮ್ಮ ಮಗನ ಮುಖ ನೀವು ನೋಡಬೇಕಿತ್ತು. ಸುಳ್ಳು ಹೇಳಲು ಬರುವುದಿಲ್ಲವಲ್ಲ. "ಇವತ್ತು... ಟೈಮಿಂಗ್ ಸರಿ ಇಲ್ಲ. ನಾಳೆ ಬರ್ತೀವಿ" ಅಂದರು. ಆ ಕಡೆಯಿಂದ ಬೀಗರು, "ಅಬ್ಬ, ನೀವೇ ಹೇಳಿದ್ದು ಒಳ್ಳೇದಾಯ್ತು. ಇವತ್ತು ನವಮಿ. ಹೇಗೆ ಹೇಳೋದು ಅಂತ ಬೆಳಗ್ಗಿಂದ ಒದ್ದಾಡ್ತಿದ್ವಿ" ಅಂದರಂತೆ. ಫೋನಿಟ್ಟ ಮೇಲೆ ಇವರ ಎದೆ ಮತ್ತೆ ಉಬ್ಬಿತು.

ಮರುದಿನ ಹೊಸ ಬೆಲ್ಟಿನ ಗಾಡಿಯಲ್ಲಿ ಮಗುವನ್ನು ಕರೆತಂದೆವು. ಜನ್ನಾಪುರದ ಮನೆ ಮುಂದೆ ಶ್ರುತಿಗೆ ಆರತಿ ಎತ್ತಿ ಒಳಗೆ ಕರೆದುಕೊಂಡ ಮೇಲೂ ಇವರು ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಕರೆಯಲು ಹೋದೆ. "ಅಮ್ಮನ್ನ ಕೊನೇ ದಿನಗಳಲ್ಲೂ ಆಸ್ಪತ್ರೆಗೆ ಆಟೋದಲ್ಲೇ ಓಡಾಡ್ಸಿದ್ವಲ್ಲೇ. ರೋಡ್ ಹಂಪ್ ಬಂದಾಗೆಲ್ಲ ಅಯ್ಯೋ ಅಂತಿದ್ರು" ಅಂದರು. ಇವರು ಕಾರು ತಂದದ್ದು ಬೀಗರ ಮೇಲಿನ ಸಿಟ್ಟಿಗಲ್ಲ ಅತ್ತೆ. ನನಗೆ ಆಗ ಅರ್ಥವಾಯಿತು. ಪಕ್ಕದ ಸೀಟಿನಲ್ಲಿ ಕೂತು ನಾನೂ ಅತ್ತುಬಿಟ್ಟೆ. ಆಮೇಲೆ ಮಗು ಅತ್ತಿತು, ಇಬ್ಬರೂ ಒಳಗೆ ಓಡಿದೆವು.

ಇನ್ನೊಂದು ಸುದ್ದಿ ಇದೆ, ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಮಗುವಿಗೆ ಇಂಜೆಕ್ಷನ್ ಹಾಕಿಸಲು ಮತ್ತೆ ಶಿವಮೊಗ್ಗಕ್ಕೆ ಹೋಗಬೇಕು. ಇವರ ವೇಗದಲ್ಲಿ ಹೋದರೆ ತಲುಪುವಷ್ಟರಲ್ಲಿ ಅವಳು ಶಾಲೆಗೆ ಸೇರಿರುತ್ತಾಳೆ. ಅದಕ್ಕೇ ಸೋಮವಾರದಿಂದ ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿದ್ದೇನೆ. ಭಯವಾಗುತ್ತದೆ ಅತ್ತೆ, ಸುಳ್ಳು ಯಾಕೆ ಹೇಳಲಿ. ನಡುರಸ್ತೆಯಲ್ಲಿ ಗಾಬರಿಯಾದರೆ ದೇವರನ್ನಲ್ಲ, ನಿಮ್ಮನ್ನೇ ಕರೆಯುತ್ತೇನೆ. ಓಗೊಡಿ.

ನಿಮ್ಮ ಸೊಸೆ