ಹಗ್ಗದ ಮುಂದೆ ನಿಂತ ಕೆಂದ

14 ಜನವರಿ 1977, ಶುಕ್ರವಾರ

ಸಂಕ್ರಾಂತಿ ಮುಗಿಯಿತು. ನನ್ನ ಎತ್ತು ಕೆಂದ ಇವತ್ತು ಊರವರ ಮುಂದೆ ನಿಂತುಬಿಟ್ಟದ್ದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಪ್ರತಿ ವರ್ಷ ಕಿಚ್ಚು ಹಾಯಿಸುವಾಗ ಮೊದಲು ನೆಗೆಯುವ ಎತ್ತು ಅದು. ಈ ಸಲ ಮಕ್ಕಳು ಬೆಂಕಿಯ ಹತ್ತಿರ ನುಗ್ಗದಿರಲೆಂದು ಬೀದಿಗೆ ಅಡ್ಡ ಹಗ್ಗ ಕಟ್ಟಿದ್ದರು. ದನ ಬಂದಾಗ ಹಗ್ಗವನ್ನು ನೆಲಕ್ಕೆ ಬಿಡುತ್ತಿದ್ದರು. ಉಳಿದವೆಲ್ಲ ತುಳಿದುಕೊಂಡೇ ಓಡಿದವು. ಕೆಂದ ಹಗ್ಗದ ಮುಂದೆ ನಿಂತು ನಡುಗಿತು.

"ಏನ್ಲಾ ಚಲುವ, ನಿನ್ನೆತ್ತು ಬೆಂಕಿಗ್ ಎದ್ರಲ್ಲ, ಅಗ್ಗಕ್ ಎದುರ್ತದಲ್ಲಾ!" ಅಂದ ಪಕ್ಕದ ಗದ್ದೆಯ ಚಿಕ್ಕಣ್ಣ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಕೆಂದ ಮೇಯುವ ಜಾಗದ ಸುತ್ತ ಮಳೆಗಾಲದಲ್ಲಿ ಬಾಮೈದ ಬ್ಯಾಟರಿಯ ಕರೆಂಟು ಹರಿಯುವ ತಂತಿ ಬೇಲಿ ಹಾಕಿಕೊಟ್ಟ. ಮುಟ್ಟಿದರೆ ಚುರುಕ್ಕೆನ್ನುತ್ತದೆ, ಅಷ್ಟೇ. ಅಲ್ಲಿಂದೀಚೆಗೆ ಕೆಂದ ಚಿಕ್ಕಣ್ಣನ ಕಬ್ಬಿಗೆ ನುಗ್ಗಿಲ್ಲ, ನಮ್ಮಿಬ್ಬರಿಗೂ ಜಗಳವಿಲ್ಲ. ಬೇಲಿ ತಪ್ಪೆಂದು ಈಗಲೂ ಹೇಳಲಾರೆ. ಕಬ್ಬಿನ ಆಸೆ ಬಿಡಲೆಂದು ಕಲಿಸಿದೆ. ಅದು ಅಡ್ಡ ಬಂದ ಹಗ್ಗಕ್ಕೂ ಹೆದರುವುದನ್ನು ಕಲಿತುಕೊಂಡಿತು.

ಕೊನೆಗೆ ನನ್ನ ಹೆಂಡತಿ ಹೊಂಬಾಳಮ್ಮನೇ ಬಂದು, "ಆ ಅಗ್ಗ ತಗುದ್ ಬುಡಿ, ನಮ್ ಕೆಂದ ಓಯ್ತದೆ" ಅಂದಳು. ತೆಗೆದರು. ಉರಿಯುವ ಹುಲ್ಲಿನ ಮೇಲೆ ಒಂದೇ ನೆಗೆತ.

ಈಗಷ್ಟೇ ಕೈಕಾಲು ತೊಳೆದು, ಒದ್ದೆ ಟವಲನ್ನು ಹಿತ್ತಲ ತಂತಿಗೆ ಹಾಕಲು ಹೋದೆ. ಬಟ್ಟೆ ಒಣಗಿಸುವ ತಂತಿ ಅದು, ಅಪ್ಪನ ಕಾಲದ್ದು. ಆದರೂ ಕೈ ತಾನಾಗಿ ಹಿಂದಕ್ಕೆ ಬಂತು. ಟವಲು ಇಲ್ಲೇ ಕುರ್ಚಿಯ ಮೇಲಿದೆ, ನೀರು ತೊಟ್ಟಿಕ್ಕುತ್ತಿದೆ.